ಫಾರ್ಮ್ ಹಂಚುವ ಮೊದಲೇ ಟೆಸ್ಟ್ ಆರಿಸಿದೆವು: ಸರ್ವೇ ಪ್ರಾಜೆಕ್ಟ್‌ಗಳಲ್ಲಿ ನನ್ನ ಅನುಭವ

ಈ ಸಲ ನಮ್ಮ ಎಂ.ಕಾಂ. ಹುಡುಗರ ಸರ್ವೇ ಪ್ರಾಜೆಕ್ಟ್‌ಗಳಲ್ಲಿ ಒಂದೂ ವೈವಾದಿಂದ (ಮೌಖಿಕ ಪರೀಕ್ಷೆಯಿಂದ) ವಾಪಸ್ ಬರಲಿಲ್ಲ. ಉತ್ತರಗಳಿಗೆ ಸ್ಟ್ಯಾಟಿಸ್ಟಿಕ್ಸ್‌ನ ಯಾವ ಟೆಸ್ಟ್ ಹಾಕಬೇಕು ಅಂತ ಫಾರ್ಮ್ ಹಂಚುವ ಮೊದಲೇ ಆರಿಸಿಕೊಂಡಿದ್ದೆವು. ಹೊರಗಿಂದ ಬಂದ ಪರೀಕ್ಷಕರು ಎರಡು ಪ್ರಾಜೆಕ್ಟ್‌ಗಳ ಟೇಬಲ್‌ಗಳನ್ನು ಮೊಬೈಲಲ್ಲಿ ಫೋಟೋ ತೆಗೆದುಕೊಂಡು ಹೋದರು. ‘ಮೊದಲೇ ಟೆಸ್ಟ್ ಆರಿಸೋದೆಲ್ಲ ನಮ್ಮ ಹುಡುಗರ ಕೈಲಿ ಆಗಲ್ಲ, ಚೈ-ಸ್ಕ್ವೇರ್ (ಎಣಿಕೆಯ ಟೇಬಲ್ ಮೇಲೆ ಮಾಡುವ ಟೆಸ್ಟ್) ಹಾಕಿ ಮುಗಿಸಿ’ ಅಂತ ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದವರು ಸುಮಾರು ಜನ. ಮುಖ್ಯವಾಗಿ ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಟಿ-ಟೆಸ್ಟ್ (ಎರಡು ಸರಾಸರಿ ಹೋಲಿಸುವ ಟೆಸ್ಟ್) ಅಂದರೇನು, ಪಿ ವ್ಯಾಲ್ಯೂ (ನಿಜವಾದ ಅಂತರ ಇಲ್ಲದಿದ್ದರೂ ಇಷ್ಟು ಅಂತರ ಸುಮ್ನೆ ಬರುವ ಸಾಧ್ಯತೆ) ಅಂದರೇನು ಅಂತ ಇಲ್ಲಿ ಬಿಡಿಸಿ ಹೇಳಲ್ಲ, ಅದು ನಿಮಗೆ ಗೊತ್ತು.

ಮೊದಲು ಹೇಗಿತ್ತು ಅಂದರೆ, ಹುಡುಗರು ಸೀನಿಯರ್‌ಗಳ ಪ್ರಶ್ನಾವಳಿಯನ್ನೇ ಹೆಸರು ಬದಲಿಸಿ ಗೂಗಲ್ ಫಾರ್ಮ್ ಮಾಡೋರು. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕೋರು. ನೂರು ಉತ್ತರ ಬಂದ ಮೇಲೆ ಶೀಟ್ ಹಿಡಿದುಕೊಂಡು ಬಂದು ‘ಸರ್, ಇದಕ್ಕೆ ಯಾವ ಟೆಸ್ಟ್ ಹಾಕಲಿ?’ ಅನ್ನೋರು. ಅಷ್ಟೊತ್ತಿಗೆ ಎಲ್ಲ ಮುಗಿದಿರುತ್ತದೆ. ವಯಸ್ಸನ್ನು 18–20, 21–25 ಅಂತ ಗುಂಪು ಮಾಡಿ ಕೇಳಿರುತ್ತಾರೆ, ಇಡೀ ಕ್ಲಾಸು ಒಂದೇ ಗುಂಪಿನಲ್ಲಿ ಕೂತಿರುತ್ತದೆ. ತಿಂಗಳ ಖರ್ಚನ್ನು ಹಾಗೇ ಬರೆಯೋಕೆ ಬಿಟ್ಟಿರುತ್ತಾರೆ. ಒಬ್ಬ ‘2ಕೆ’ ಅಂತ, ಇನ್ನೊಬ್ಬ ‘ಎರಡು ಸಾವಿರ’ ಅಂತ, ಮತ್ತೊಬ್ಬ ‘ಅಪ್ಪ ಕೊಟ್ಟಷ್ಟು’ ಅಂತ. ‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಅನ್ನೋ ಪ್ರಶ್ನೆಯ ಗತಿಯಂತೂ ಕೇಳಲೇಬೇಡಿ, ನಾಲ್ಕು ಉತ್ತರವೂ ಒಂದೇ ಸೆಲ್‌ನಲ್ಲಿ ಕಾಮಾ ಹಾಕಿಕೊಂಡು ಬಂದು ಬೀಳುತ್ತವೆ. ಅದನ್ನು ಬಿಡಿಸಿ ಎಣಿಸಿ ಚೈ-ಸ್ಕ್ವೇರ್ ಮಾಡಿದರೆ ಒಬ್ಬನೇ ಹುಡುಗ ಟೇಬಲ್‌ನಲ್ಲಿ ಮೂರು ಸಲ ಎಣಿಕೆಯಾಗುತ್ತಾನೆ.

ದುಡ್ಡಿನ ಕಥೆ ಬೇರೆ. ಊರಲ್ಲಿ ಪ್ರಾಜೆಕ್ಟ್ ಮಾಡಿಕೊಡುವ ಸೆಂಟರ್‌ಗಳಿಗೆ ಬರವಿಲ್ಲ. ಅನಾಲಿಸಿಸ್‌ಗೆ ನಾಲ್ಕರಿಂದ ಆರು ಸಾವಿರ, ಬೈಂಡಿಂಗ್ ಬೇರೆ. ಒಂದು ವರ್ಷ ನಮ್ಮ ಇಬ್ಬರು ಹುಡುಗಿಯರು ಬೇರೆ ಬೇರೆ ವಿಷಯದ ಮೇಲೆ ಒಂದೇ ಸೆಂಟರ್‌ನಲ್ಲಿ ಮಾಡಿಸಿದ್ದರು. ಎರಡರಲ್ಲೂ ಅದೇ ಅನೋವಾ (ಹಲವು ಗುಂಪಿನ ಸರಾಸರಿ ಹೋಲಿಸುವ ಟೆಸ್ಟ್) ಟೇಬಲ್, ಅದರ ಉತ್ತರವಾದ ಎಫ್ ವ್ಯಾಲ್ಯೂ ಕೂಡ ಅದೇ. ಹಾಸ್ಟೆಲ್ ಫೀಸಿಗೇ ಸಾಲ ಮಾಡಿದ ಮನೆಯವರು ಅವರು. ಎಸ್‌ಪಿಎಸ್‌ಎಸ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಕೊಳ್ಳೋದು ನಮ್ಮಂಥ ಕಾಲೇಜಿನ ಮಾತಲ್ಲ. ಪೆನ್‌ಡ್ರೈವಲ್ಲಿ ಬಂದ ‘ಕ್ರ್ಯಾಕ್’ ಹಾಕಿಕೊಂಡು ಲ್ಯಾಬಿನ ಎರಡು ಕಂಪ್ಯೂಟರ್ ಮಲಗಿದವು, ರಿಪೇರಿಗೆ ಹತ್ತಿರ ಹತ್ತಿರ ಮೂರು ಸಾವಿರ ಆಯಿತು. ಈಗ ಎಲ್ಲ ಜಾಮೋವಿ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಪುಕ್ಕಟೆ. ಹಳೇ ಲ್ಯಾಪ್‌ಟಾಪಿನಲ್ಲೂ ತೆವಳಿಕೊಂಡಾದರೂ ಓಡುತ್ತದೆ.

ನಾನು ಮಾಡಿದ್ದು ಇಷ್ಟೇ. ಫಾರ್ಮ್ ಹಂಚುವ ಮೊದಲು ಪ್ರತಿಯೊಬ್ಬರೂ ಉದ್ದನೆಯ ಲೆಡ್ಜರ್ ಹಾಳೆಯಲ್ಲಿ ಪ್ರಶ್ನೆಗೊಂದು ಸಾಲು ಬರೆಯಬೇಕು. ಉತ್ತರ ಯಾವ ಥರದ್ದು: ಬರೀ ಹೆಸರೋ, ಮೇಲು-ಕೆಳಗಿನ ಕ್ರಮವೋ, ನಿಜವಾದ ಅಂಕಿಯೋ? ಯಾರ ಜೊತೆ ಯಾರನ್ನು ಹೋಲಿಸುತ್ತೀರಿ, ಎಷ್ಟು ಗುಂಪು? ಬೇರೆ ಬೇರೆ ಜನವೋ, ಅದೇ ಜನವನ್ನು ಎರಡು ಸಲ ಕೇಳಿದ್ದೋ? ಕೊನೆಗೆ ಟೆಸ್ಟಿನ ಹೆಸರು. ಪಕ್ಕದಲ್ಲಿ ಅಂಕಿ ಇಲ್ಲದ ಖಾಲಿ ಟೇಬಲ್ ಬರೆದು ತೋರಿಸಬೇಕು. ಯಾವ ಪ್ರಶ್ನೆಗೆ ಟೇಬಲ್ ಬರೆಯೋಕೆ ಆಗಲ್ವೋ ಆ ಪ್ರಶ್ನೆ ಔಟ್. ಮೂವತ್ತೈದು-ನಲವತ್ತು ಪ್ರಶ್ನೆಗಳ ಫಾರ್ಮ್ ಹದಿನೈದಕ್ಕೆ ಇಳಿಯಿತು. ಹುಡುಗರು ಗೊಣಗಿದರು. ಆದರೆ ಪೂರ್ತಿ ತುಂಬಿದ ಫಾರ್ಮ್‌ಗಳು ಬರೋದು ಜಾಸ್ತಿ ಆಯಿತು.

ಜಾಸ್ತಿ ಜಗಳ ಆಗಿದ್ದು ‘ಬಲವಾಗಿ ಒಪ್ಪುತ್ತೇನೆ’ಯಿಂದ ‘ಬಲವಾಗಿ ಒಪ್ಪುವುದಿಲ್ಲ’ದವರೆಗಿನ ಐದು ಆಯ್ಕೆಯ ಪ್ರಶ್ನೆಗಳ ಮೇಲೆ. ನಮ್ಮಲ್ಲಿ ಅದಕ್ಕೆಲ್ಲ ಚೈ-ಸ್ಕ್ವೇರ್ ಹಾಕೋದೇ ರೂಢಿ. ಒಂದು ಪ್ರಾಜೆಕ್ಟ್ ತಗೊಳ್ಳಿ: ಮೂರು ಕೋರ್ಸ್, ಒಂದೊಂದರಿಂದ ಮೂವತ್ತು, ಒಟ್ಟು ತೊಂಬತ್ತು ಜನ. ಐದು ಆಯ್ಕೆ, ಮೂರು ಕೋರ್ಸ್, ಹದಿನೈದು ಸೆಲ್. ‘ಬಲವಾಗಿ ಒಪ್ಪುವುದಿಲ್ಲ’ ಅಂದವರು ಒಟ್ಟು 4 ಜನ, ‘ಒಪ್ಪುವುದಿಲ್ಲ’ 9 ಜನ. ಆ ಎರಡು ಸಾಲಿನ ನಿರೀಕ್ಷಿತ ಎಣಿಕೆ (ಕೋರ್ಸಿಗೂ ಉತ್ತರಕ್ಕೂ ಸಂಬಂಧ ಇಲ್ಲದಿದ್ದರೆ ಸೆಲ್‌ಗೆ ಬರಬೇಕಾದ್ದು) ಒಂದರಲ್ಲಿ 1.33, ಇನ್ನೊಂದರಲ್ಲಿ 3. ಹದಿನೈದರಲ್ಲಿ ಆರು ಸೆಲ್ ಐದಕ್ಕಿಂತ ಕೆಳಗೆ, ಅಂದರೆ ಶೇ. 40. ಚೈ-ಸ್ಕ್ವೇರ್‌ಗೆ ಇಂಥ ಸೆಲ್‌ಗಳನ್ನು ಕಾಕ್ರನ್ ನಿಯಮ ಒಪ್ಪೋದು ಶೇ. 20ರವರೆಗೆ ಮಾತ್ರ. ಹಾಗಂತ ‘ಒಪ್ಪುವುದಿಲ್ಲ’ಗಳನ್ನೆಲ್ಲ ಸೇರಿಸಿ ಗುಡ್ಡೆ ಹಾಕಿದರೆ, ಐದು ಮೆಟ್ಟಿಲು ಕೇಳಿದ್ದಾದರೂ ಯಾಕೆ? ಮೇಲಾಗಿ ಚೈ-ಸ್ಕ್ವೇರ್‌ಗೆ ಮೇಲು-ಕೆಳಗಿನ ಕ್ರಮ ಲೆಕ್ಕಕ್ಕೇ ಇಲ್ಲ, ಸಾಲುಗಳನ್ನು ಅದಲು ಬದಲು ಮಾಡಿದರೂ ಅದೇ ಉತ್ತರ ಕೊಡುತ್ತದೆ.

ಅದಕ್ಕೇ ಒಂಟಿ ಪ್ರಶ್ನೆಯಾದರೆ ಎರಡು ಗುಂಪಿಗೆ ಮ್ಯಾನ್-ವಿಟ್ನಿ, ಮೂರು ಅಥವಾ ಹೆಚ್ಚಿಗೆ ಕ್ರಸ್ಕಲ್-ವಾಲಿಸ್, ಎರಡೂ ಮೇಲು-ಕೆಳಗಿನ ಕ್ರಮ ನೋಡುವ ಟೆಸ್ಟ್‌ಗಳು. ಎಂಟ್ಹತ್ತು ಪ್ರಶ್ನೆ ಕೂಡಿಸಿ ಮಾಡಿದ ಸ್ಕೋರ್ ಆದರೆ, ಆಲ್ಫಾ (ಆ ಪ್ರಶ್ನೆಗಳು ಒಂದಕ್ಕೊಂದು ಕೂಡುತ್ತವೆಯೇ ಅನ್ನೋ ಅಳತೆ) ನೋಡಿಕೊಂಡು ಎರಡು ಗುಂಪಿಗೆ ನೇರವಾಗಿ ವೆಲ್ಚ್ ಟಿ-ಟೆಸ್ಟ್, ಗುಂಪುಗಳ ಹರಡಿಕೆ ಬೇರೆ ಬೇರೆ ಇದ್ದರೂ ಅದು ನಡೆಯುತ್ತದೆ. ಮೊದಲು ಲೆವೀನ್ ಟೆಸ್ಟ್ (ಹರಡಿಕೆ ಒಂದೇ ಥರ ಇದೆಯೇ ಅಂತ ನೋಡೋದು) ಮಾಡಿ, ಅದು ಪಾಸಾದರೆ ಇದು, ಫೇಲಾದರೆ ಅದು ಅನ್ನೋ ಆಟ ನಾನು ಬಿಟ್ಟುಬಿಟ್ಟಿದ್ದೇನೆ. ಗುಂಪುಗಳ ಹರಡಿಕೆ ಒಂದೇ ಥರ ಇದ್ದರೂ ವೆಲ್ಚ್‌ನಿಂದ ಅಂಥ ದೊಡ್ಡ ನಷ್ಟ ಏನೂ ಇಲ್ಲ. ಎರಡು-ಎರಡರ (ಎರಡು ಸಾಲು, ಎರಡು ಕಾಲಂ), ಎಣಿಕೆ ಕಡಿಮೆ ಇರುವ ಟೇಬಲ್‌ಗೆ ಫಿಶರ್ ಟೆಸ್ಟ್, ಜಾಮೋವಿಯಲ್ಲಿ ಚೈ-ಸ್ಕ್ವೇರ್ ಪಕ್ಕದಲ್ಲೇ ಅದಕ್ಕೊಂದು ಟಿಕ್ ಇದೆ.

ಅಂದಹಾಗೆ ನಮ್ಮಲ್ಲಿ ಹೂವಿನ ಹಡಗಲಿ ಕಡೆಯ ಹುಡುಗರು ಸುಮಾರು ಜನ ಇದ್ದಾರೆ. ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ಅವರ ಊರಿನಲ್ಲೇ, 1920ರಲ್ಲಿ. ಒಬ್ಬನಿಗೂ ಗೊತ್ತಿರಲಿಲ್ಲ! ಎರಡು-ಎರಡರ ಟೇಬಲ್ ಮೇಲೆ ದಿನಾ ಮಾಡುವ ಪಿಯರ್ಸನ್ ಚೈ-ಸ್ಕ್ವೇರ್ ಲೆಕ್ಕದಲ್ಲಿ ಅದೇ ರಾವ್ ಅವರ ಸ್ಕೋರ್ ಟೆಸ್ಟೇ ಅಂತ ಹೇಳಿದ ದಿನ ಹಿಂದಿನ ಬೆಂಚಿನವರೂ ಎದ್ದು ಕೂತರು.

‘ಮೊದಲು-ಆಮೇಲೆ’ ಪ್ರಾಜೆಕ್ಟ್‌ಗಳಲ್ಲಿ ದೊಡ್ಡ ಎಡವಟ್ಟು ಆಗುತ್ತದೆ. ಅರವತ್ತು ಜನಕ್ಕೆ ಯುಪಿಐ ಸುರಕ್ಷತೆ ಬಗ್ಗೆ ಒಂದು ಕ್ಲಾಸ್ ಮಾಡಿ, ಮೊದಲೂ ಆಮೇಲೂ ‘ಪಿನ್ ಯಾರಿಗಾದರೂ ಹೇಳುತ್ತೀರಾ’ ಅಂತ ಕೇಳಿದ್ದರು. ಗೈಡ್ ನೂರ ಇಪ್ಪತ್ತು ಉತ್ತರ ಅಂತ ಹಿಡಿದು ಚೈ-ಸ್ಕ್ವೇರ್ ಅಂದರು. ಅಲ್ಲ ಸ್ವಾಮಿ, ಅದೇ ಅರವತ್ತು ಜನ ಅಲ್ವಾ? ಇಲ್ಲಿ ಲೆಕ್ಕಕ್ಕೆ ಬರೋದು ಮಾತು ಬದಲಿಸಿದವರು ಮಾತ್ರ. ಹೌದು ಅಂದವರು ಇಲ್ಲ ಅಂದಿದ್ದು 14 ಜನ, ಇಲ್ಲ ಅಂದವರು ಹೌದು ಅಂದಿದ್ದು 4. ಎರಡರ ಅಂತರ ಹತ್ತು, ಅದರ ವರ್ಗ ನೂರು, ಭಾಗಿಸು ಬದಲಿಸಿದ ಒಟ್ಟು ಹದಿನೆಂಟು, 5.56. ಪಿ 0.05ಕ್ಕಿಂತ ಕಡಿಮೆ ಬರೋಕೆ ದಾಟಬೇಕಾದ್ದು 3.84. ಮೆಕ್‌ನೆಮರ್ ಟೆಸ್ಟ್ ಮುಗೀತು, ಬೋರ್ಡಿನ ಮೇಲೆ ಎರಡೇ ಸಾಲು. ಆದರೆ ಇದಕ್ಕೆ ಮೊದಲ ಫಾರ್ಮ್ ಯಾರದು, ಎರಡನೆಯದು ಯಾರದು ಅಂತ ಜೋಡಿಸೋಕೆ ಆಗಬೇಕು. ಹೆಸರು ಕೇಳಿದರೆ ಯಾರೂ ನಿಜ ಬರೆಯಲ್ಲ. ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು, ಮೊಬೈಲಿನ ಕೊನೆಯ ಎರಡಂಕಿ ಸೇರಿಸಿ ಒಂದು ಗುಟ್ಟಿನ ಕೋಡ್ ಬರೆಸಿದೆವು. ಐದಾರು ಫಾರ್ಮ್ ಬಿಟ್ಟರೆ ಎಲ್ಲ ಕೂಡಿದವು.

ಪಿ ವ್ಯಾಲ್ಯೂ ನಂಬದ ಸಹೋದ್ಯೋಗಿಗಳಿಗೆ ಒಂದು ಪ್ರಯೋಗ ಮಾಡಿದೆ. ಹಾಸ್ಟೆಲ್‌ನವರು 12, ಮನೆಯಿಂದ ಬರುವವರು 12, ಎಲ್ಲರ ನಿದ್ದೆಯ ಗಂಟೆ ಚೀಟಿಯಲ್ಲಿ ಬರೆದೆವು. ಸರಾಸರಿಯ ಅಂತರ ಮುಕ್ಕಾಲು ಗಂಟೆಯ ಹತ್ತಿರ. ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಕಲಕಿ, ಹನ್ನೆರಡನ್ನು ತೆಗೆದು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ, ಮತ್ತೆ ಅಂತರ. ಹುಡುಗರು ಸರದಿ ಮೇಲೆ ನೂರಕ್ಕೂ ಜಾಸ್ತಿ ಸಲ ಮಾಡಿದರು. ಅಷ್ಟು ದೊಡ್ಡ ಅಂತರ ಬಂದಿದ್ದು ನಾಲ್ಕೋ ಐದೋ ಸಲ. ಒಟ್ಟು ಸಲದಲ್ಲಿ ಅದರ ಪಾಲೇ ಪಿ. ‘ಓ, ಇಷ್ಟೇನಾ ಪಿ ಅಂದ್ರೆ’ ಅಂದರು ಹಿರಿಯ ಮೇಡಂ ಒಬ್ಬರು.

ಇನ್ನೊಂದು ತಮಾಷೆ. ಕ್ಯಾಲ್ಕ್‌ ಅನ್ನೋ ಸ್ಪ್ರೆಡ್‌ಶೀಟ್‌ನಲ್ಲಿ ಒಂದರಿಂದ ಐದರವರೆಗೆ ಸುಮ್ನೆ ಅಂಕಿ ಹುಟ್ಟಿಸಿ, ಇನ್ನೂರು ಸಾಲಿನ ಸುಳ್ಳು ಸರ್ವೇ ಮಾಡಿ, ಹೇಳದೇ ಕೊಟ್ಟೆ. ಎಲ್ಲಕ್ಕೂ ಎಲ್ಲದರ ಜೊತೆ ಟೆಸ್ಟ್ ಹಾಕಿದರು. ಒಬ್ಬ ಪಿ 0.03 (ರೂಢಿಯ ಗಡಿ 0.05ಕ್ಕಿಂತ ಕಡಿಮೆ) ಬಂದ ಖುಷಿಗೆ ‘ಹೆಣ್ಣುಮಕ್ಕಳಿಗೆ ಆನ್‌ಲೈನ್ ಖರೀದಿಯಲ್ಲಿ ತೃಪ್ತಿ ಹೆಚ್ಚು’ ಅಂತ ಒಂದು ಪುಟ ಬರೆದುಕೊಂಡು ಬಂದ. ಒಂದಕ್ಕೊಂದು ಸಂಬಂಧ ಇಲ್ಲದ ಇಪ್ಪತ್ತು ಟೆಸ್ಟ್ ಹಾಕಿದರೆ ಒಂದಾದರೂ ಹೀಗೆ ಸುಳ್ಳೇ ಬೀಳುವ ಸಾಧ್ಯತೆ ಶೇ. 64. ಆವತ್ತಿನಿಂದ ಹೈಪಾಥಿಸಿಸ್ (ಟೆಸ್ಟ್ ಮಾಡಿ ನೋಡುವ ಊಹೆ) ಐದಕ್ಕಿಂತ ಜಾಸ್ತಿ ಬೇಡ ಅಂತ ನಿಯಮ. ಅದಕ್ಕೂ ಹೋಲ್ಮ್ ವಿಧಾನದ ತಿದ್ದುಪಡಿ, ಟೆಸ್ಟ್ ಹಲವು ಇದ್ದಾಗ ಗಡಿಯನ್ನು ಬಿಗಿ ಮಾಡೋದು ಅದು.

ಯಾವ ಟೆಸ್ಟೂ ದಾರಿಗೆ ತರಲಾರದ್ದು ಅಂದರೆ ಒಂದೇ ಬೆಂಚಲ್ಲಿ ಕೂತು ಒಬ್ಬರನ್ನೊಬ್ಬರು ನೋಡಿ ತುಂಬಿದ ಫಾರ್ಮ್. ಟೈಮ್ ಕಾಲಂ ನೋಡಿ, ಒಂದೇ ನಿಮಿಷದಲ್ಲಿ ಆರು ಉತ್ತರ, ಆರೂ ಒಂದೇ ಥರ. ಅಂಥವನ್ನು ಹಿಡಿಯೋಕೆ ನಾನು ಫಾರ್ಮಿನ ಮಧ್ಯೆ ಒಂದು ಪ್ರಶ್ನೆ ಇಡುತ್ತೇನೆ. ಯಾವುದು ಅಂತ ಇಲ್ಲಿ ಬರೆಯಲ್ಲ, ಇದನ್ನು ವಿದ್ಯಾರ್ಥಿಗಳೂ ಓದುತ್ತಾರೆ. ಎಷ್ಟು ಜನ ಬೇಕು ಅಂತ ನಾನು ಲೆಕ್ಕ ಹಾಕುವ ಶೀಟನ್ನೂ ಸದ್ಯಕ್ಕೆ ಕೊಡಲ್ಲ. ಯಾವ ಸರ್ವೇಯಾದರೂ ಕಣ್ಣುಮುಚ್ಚಿ 384 ಜನ ಬೇಕು ಅನ್ನೋದನ್ನು ಬಿಟ್ಟರೆ ಅರ್ಧ ದಾರಿ ಬಂದ ಹಾಗೆ, ಅಷ್ಟು ಸಾಕು.

ಒಟ್ಟು ಖರ್ಚು ಒಬ್ಬೊಬ್ಬರಿಗೆ ಮುನ್ನೂರು-ನಾನೂರು ರೂಪಾಯಿ, ಅದೂ ಬೈಂಡಿಂಗ್‌ಗೆ ಮತ್ತು ಮೊಬೈಲ್ ಇಲ್ಲದವರಿಗೆ ಕೊಟ್ಟ ಜೆರಾಕ್ಸ್‌ಗೆ. ವೈವಾದಲ್ಲಿ ‘ಅನೋವಾ ಎಲ್ಲಿ?’ ಅಂತ ಕೇಳಿದರು, ಕೇಳೇ ಕೇಳುತ್ತಾರೆ. ಹುಡುಗಿ ಲೆಡ್ಜರ್ ಹಾಳೆ ಬಿಡಿಸಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು, ಮುಂದಿನ ಪ್ರಶ್ನೆಗೆ ಹೋದರು. ಹಾಳೆಯ ಮೇಲೆ ಫಾರ್ಮ್ ಹಂಚುವ ಮೊದಲಿನ ತಾರೀಖು ಮತ್ತು ಗೈಡ್ ಸಹಿ ಇರಲಿ. ಮತ್ತೆ, ಪಿ = 0.000 ಅಂತ ದಯವಿಟ್ಟು ಟೈಪ್ ಮಾಡಿಸಬೇಡಿ, 0.001ಕ್ಕಿಂತ ಕಡಿಮೆ ಅಂತ ಬರೆಸಿ, ಪಕ್ಕದಲ್ಲಿ ಅಂತರ ಎಷ್ಟು ಅನ್ನೋದನ್ನೂ ಹಾಕಿಸಿ.