ಒಂದು ಮನೆ ಶ್ರುತಿಗೆ ಇಳಿಸಿದ ಚೆಲ್ಲೊ: ನನ್ನ ಅನುಭವ

ತೀರ್ಥಹಳ್ಳಿಯಲ್ಲಿದ್ದುಕೊಂಡು ಚೆಲ್ಲೊ (ಪಿಟೀಲಿನ ಕುಲದ, ಮಂದ್ರ ದನಿಯ ದೊಡ್ಡ ವಾದ್ಯ) ನುಡಿಸಿ ಹೊಟ್ಟೆ ಹೊರೆಯಲಾಗದು ಎಂದವರಲ್ಲಿ ನನಗೆ ಕಲಿಸಿದವರೂ ಇದ್ದರು. ಕಳೆದ ವರ್ಷ ಕಛೇರಿ, ಪಾಠ, ಧ್ವನಿಮುದ್ರಣಗಳಿಂದ ಹೆಚ್ಚು ಕಡಿಮೆ 4 ಲಕ್ಷ ರೂಪಾಯಿ ಕೈಸೇರಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಶುರುವಿನಲ್ಲಿ ಹಳೆಯ ವಾದ್ಯವೊಂದಕ್ಕೆ ಕೊಟ್ಟ 60 ಸಾವಿರ ಆ ವರ್ಷದ ಅಡಿಕೆಯ ಹಣ. ಮೂರು ವರ್ಷ ತಿಂಗಳಿಗೆರಡು ಸಲ ರಾತ್ರಿ ಬಸ್ಸಿನಲ್ಲಿ, ವಾದ್ಯಕ್ಕೂ ಒಂದು ಟಿಕೆಟ್ ತೆಗೆದು ಪಾಠಕ್ಕೆ ಬೆಂಗಳೂರಿಗೆ ಹೋಗಿ ಬಂದೆ. ಜರ್ಮನಿಯ ಬಾಖ್ ಚೆಲ್ಲೊಗೆಂದೇ ಬರೆದ ಸೂಟ್‌ಗಳು (ಬಿಡಿ ತುಣುಕುಗಳ ಮಾಲೆಗಳು) ಕೈಗೆ ಹತ್ತಿದವು. ಸಂಪಾದನೆ ಮಾತ್ರ ಮದುವೆಯ ಆರತಕ್ಷತೆಗಳಲ್ಲಿ ಸಿನಿಮಾ ಹಾಡು ನುಡಿಸಿ ಸಿಗುತ್ತಿದ್ದ ಎರಡು ಸಾವಿರದಲ್ಲೇ ನಿಂತಿತು.

ಕರ್ನಾಟಕ ಸಂಗೀತದಲ್ಲಿ ಪಕ್ಕವಾದ್ಯವಾಗುವ ದಾರಿ ತೋರಿಸಿದ್ದು ಐದನೆಯ ಸೂಟ್. ಅದರಲ್ಲಿ ಬಾಖ್ ತಾನೇ ಮೇಲಿನ ಎ ತಂತಿಯನ್ನು ಜಿ ಸ್ವರಕ್ಕೆ ಇಳಿಸಿದ್ದಾನೆ. ಡಿ ತಂತಿಯನ್ನೂ ಸಿ ಸ್ವರಕ್ಕೆ ಇಳಿಸಿದರೆ ನಾಲ್ಕು ತಂತಿಗಳು ಸ-ಪ-ಸ-ಪ ಆಗಿ, ಒಂದು ಮನೆ (ಸಿ) ಶ್ರುತಿಯಲ್ಲಿ ಹಾಡುವ ಗಂಡಸರಿಗೆ ಮಂದ್ರದ ಕಡೆಯಿಂದ ಮೂರನೆಯ ತಂತಿಯೇ ಷಡ್ಜವಾಗುತ್ತದೆ. ಹಾಗೆ ಇಳಿಸಿದ ಡಿ ತಂತಿ ಜೋಲು ಬಿದ್ದು ಗೊರಗುಟ್ಟಿತು. ಮೂರು ಬಗೆಯ ತಂತಿಗಳಿಗೆ ಹತ್ತು ಸಾವಿರ ಸುರಿದ ಮೇಲೆ, ಹೆಚ್ಚು ಬಿಗಿತದ ದಪ್ಪ ತಂತಿಯೊಂದು ನಿಂತಿತು. ಗಮಕ, ಅಂದರೆ ಸ್ವರವನ್ನು ತೂಗಿಸುವುದು, ಇನ್ನೂ ಕಷ್ಟವಾಯಿತು: ಪಿಟೀಲಿನಲ್ಲಿ ಬೆರಳು ತುಸು ಸರಿಸಿದರೆ ಮುಗಿಯುವ ತೋಡಿ ರಾಗದ ಗಾಂಧಾರಕ್ಕೆ ಇಲ್ಲಿ ಇಡೀ ಮುಂಗೈ ಜಾರಬೇಕು. ಅದೊಂದಕ್ಕೇ ಎಂಟು ತಿಂಗಳು ಹೋಯಿತು.

ಗಾಯಕರು ನೆಲದ ಮೇಲಿರುವಾಗ ಪಕ್ಕವಾದ್ಯದವನು ಕುರ್ಚಿಯಲ್ಲಿ ಕೂರುವುದನ್ನು ಯಾರೂ ಒಪ್ಪಲಿಲ್ಲ. ಚಕ್ಕಳಮಕ್ಕಳ ಹಾಕಿದರೆ ಕಮಾನು ಮಂಡಿಗೆ ತಾಗುತ್ತಿತ್ತು. ಕೊನೆಗೆ ಊರ ಬಡಗಿಯಿಂದ ಒಂಬತ್ತು ಇಂಚು ಎತ್ತರದ ಮಣೆ ಮಾಡಿಸಿ, ಕೆಂಪು ಗಾರೆ ನೆಲದಲ್ಲಿ ಚೆಲ್ಲೊ ಬುಡದ ಮೊನೆಕಡ್ಡಿ (ಎಂಡ್‌ಪಿನ್) ಜಾರದಂತೆ ಅಡಿಕೆ ದಬ್ಬೆಯ ತುಂಡಿಗೆ ಗುಳಿ ತೋಡಿ, ಅದನ್ನು ಹಗ್ಗದಿಂದ ಮಣೆಗೆ ಕಟ್ಟಿದೆ. ಇಂದಿಗೂ ಅದೇ ತುಂಡು.

ಮಳೆಗಾಲ ಕಲಿಸಿದಷ್ಟು ಯಾವ ಗುರುವೂ ಕಲಿಸಲಿಲ್ಲ. ಆಗುಂಬೆಯ ಮಳೆ ನಮ್ಮಲ್ಲಿಗೂ ಬರುವುದರಿಂದ ಕಮಾನಿನ ಕೂದಲು ಸಡಿಲಾಗಿ, ಪೆಟ್ಟಿಗೆಯೊಳಗೆ ಬೂಸ್ಟು ಬಂತು. ಅಡಿಕೆ ಒಣಗುವ ಜಾಗವೆಂಬ ಜಾಣತನದಿಂದ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ವಾದ್ಯವನ್ನಿಟ್ಟೆ. ಹದಿನೈದೇ ದಿನಕ್ಕೆ ಬೆನ್ನ ಹಲಗೆ ಬೆಸುಗೆಯಲ್ಲಿ ಒಂದು ಗೇಣು ಬಾಯಿಬಿಟ್ಟಿತು. ರಿಪೇರಿಗೆ ಏಳು ಸಾವಿರ. ಈಗ ಮರದ ಬೀರುವಿನಲ್ಲಿ 25 ವ್ಯಾಟಿನ ಬಲ್ಬು ಉರಿಸಿ, ತೇವಮಾಪಕದ ಮುಳ್ಳು 55ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುತ್ತೇನೆ.

ನಡುವೆ ಯಕ್ಷಗಾನಕ್ಕೂ ಕೈ ಹಾಕಿದ್ದೆ. ಭಾಗವತರ ಏರು ಶ್ರುತಿಗೂ ಚಂಡೆಗೂ ಚೆಲ್ಲೊ ಒಂದೇ ರಾತ್ರಿಯಲ್ಲಿ ಶರಣಾಯಿತು. ಗಮಕ ವಾಚನದಲ್ಲಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವಲ್ಲಿ, ಹಾಗಾಗಲಿಲ್ಲ. ಗಮಕಕ್ಕೆ ಹೆಸರಾದ ಹೊಸಹಳ್ಳಿ ಇರುವ ಜಿಲ್ಲೆ ನಮ್ಮದು, ಕೇಳುಗರ ಕಿವಿ ಹದವಾಗಿದೆ. ಭಾಮಿನಿ ಷಟ್ಪದಿಯ ಸಾಲುಗಳಡಿ ಮಂದ್ರ ಷಡ್ಜವನ್ನಷ್ಟೇ ಎಳೆದು, ಮೂರನೆಯ ಮತ್ತು ಆರನೆಯ ಸಾಲಿನ ತುದಿಯಲ್ಲಿ ಮಾತ್ರ ರಾಗವನ್ನು ಮುಟ್ಟಿದೆ. ವಾಚಕರು ಮುಗಿಸಿದವರೇ, "ಮುಂದಿನ ಶನಿವಾರವೂ ಬಾರೋ ಮಾರಾಯ" ಎಂದರು. ಆ ದಿನದ ಸಂಭಾವನೆ ಮುನ್ನೂರು ರೂಪಾಯಿ ಮತ್ತು ಒಂದು ಶಾಲು. ಈಗ ಕಛೇರಿಗೆ ಐದು ಸಾವಿರ ಕೇಳುತ್ತೇನೆ, ವರ್ಷಕ್ಕೆ ಮೂವತ್ತರಷ್ಟು ಸಿಗುತ್ತವೆ.

ಐದು ಮನೆ (ಜಿ) ಶ್ರುತಿಯಲ್ಲಿ ಹಾಡುವ ಹೆಂಗಸರಿಗೆ ಇದೇ ವಾದ್ಯದಲ್ಲಿ ಹೇಗೆ ನುಡಿಸುತ್ತೇನೆಂದು ಹಲವರು ಕೇಳಿದ್ದಾರೆ. ತಂತಿಗಳನ್ನು ಹೊರುವ ಕುದುರೆಯನ್ನು ನಾನೇ ಕೆತ್ತಿಕೊಂಡಿದ್ದೇನೆ ಎಂಬಷ್ಟನ್ನು ಹೇಳಬಲ್ಲೆ; ಉಳಿದದ್ದು ಸದ್ಯಕ್ಕೆ ನನ್ನಲ್ಲಿಯೇ ಇರಲಿ.