ಪಾಂಗಾಂಗ್ ಸೇತುವೆಯನ್ನು ಬೆಂಗಳೂರಿನಲ್ಲಿ ಕೂತು ನೋಡಿದ್ದು

ಲಡಾಖ್ ಗಡಿಯ ಪಾಂಗಾಂಗ್ ಸರೋವರಕ್ಕೆ ಚೀನಾ ಸೇತುವೆ ಹಾಕುತ್ತಿದೆ ಅನ್ನೋ ಸುದ್ದಿ 2022ರ ಜನವರಿಯಲ್ಲಿ ಹೊರಬಿತ್ತು. ಅದನ್ನು ತೋರಿಸಿದ್ದು ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುವ ಉಪಗ್ರಹ ಚಿತ್ರ. ಅದೇ ವಾರ ವಿದೇಶಾಂಗ ಸಚಿವಾಲಯವೂ ಹೌದು ಅಂದಿತು. ಸುಮಾರು 60 ವರ್ಷದಿಂದ ಚೀನಾ ಅಕ್ರಮವಾಗಿ ಹಿಡಿದಿಟ್ಟುಕೊಂಡಿರುವ ಜಾಗದಲ್ಲಿ ಅದು ಬರುತ್ತಿದೆ ಅಂತ.

ನನ್ನದು ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಉಪಗ್ರಹ ಚಿತ್ರ ನೋಡುವ ಗೀಳು. ದುಬಾರಿ ಚಿತ್ರ ಕೊಳ್ಳಲು ಆಗುವುದಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನೇ ತೆರೆದೆ. ಅವು ಪುಕ್ಕಟೆ, ಸುಮಾರು ಐದು ದಿನಕ್ಕೊಂದು ಹೊಸ ಚಿತ್ರ ಬರುತ್ತದೆ. ತೊಂದರೆ ಏನೆಂದರೆ, ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಸೇತುವೆಯ ಅಗಲ ಸುಮಾರು 8 ಮೀಟರ್ ಅಂತ ಪತ್ರಿಕೆಗಳು ಬರೆದಿದ್ದವು. ಚುಕ್ಕೆಗಿಂತ ಕಿರಿದಾದದ್ದು ಕಾಣುವುದು ಹೇಗೆ? ಕಾಣುತ್ತದೆ. ಕಪ್ಪು ನೀರಿನ ಮೇಲೆ ಬಿಳಚು ವಸ್ತು ಇದ್ದರೆ ಆ ಚುಕ್ಕೆ ತುಸು ತಿಳಿಯಾಗುತ್ತದೆ. ಅಂಥವು ಸಾಲಾಗಿ ನಿಂತರೆ ಗೆರೆ. ಚಳಿಗಾಲದಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ, ಸರೋವರ ಹೆಪ್ಪುಗಟ್ಟಿ ಎಲ್ಲ ಬಿಳಿ. ಅದಕ್ಕೇ ನೀರು ತೆರೆದಿದ್ದ ತಿಂಗಳುಗಳ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ನಿಜ ಹೇಳಬೇಕಂದ್ರೆ ನಾನು ಮೊದಲು ಹುಡುಕುವುದು ಸೇತುವೆಯನ್ನಲ್ಲ, ಎರಡೂ ದಡದ ಮಣ್ಣು ರಸ್ತೆಯನ್ನು. ಲಾರಿ ಬರದೆ ಸೇತುವೆ ಏಳುವುದಿಲ್ಲ ಅಲ್ವಾ? ನೋಡಿದ್ದನ್ನು ಬರೆಯುವಾಗ ದಿನಾಂಕ, ಜಾಗ ಒಂದು ಕಡೆ. ನನ್ನ ಊಹೆ ಇನ್ನೊಂದು ಕಡೆ. ಇವೆರಡನ್ನು ಬೆರೆಸುವುದಿಲ್ಲ.

ಒಂದು ತರಬೇತಿಯಲ್ಲಿ ಇದನ್ನೆಲ್ಲ ತೋರಿಸಿದಾಗ ಹಿರಿಯ ಅಧಿಕಾರಿಯೊಬ್ಬರು, "ಎಲ್ಲರಿಗೂ ಸಿಗೋದಕ್ಕೆ ಏನ್ರೀ ಬೆಲೆ?" ಅಂದರು. ನಮ್ಮ ಗುಪ್ತಚರ ಸುಧಾರಣೆಗಳು ಎಡವುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಕಾರ್ಗಿಲ್ ಯುದ್ಧ ಆದ ಮೇಲೆ, ಎಲ್ಲಿ ಎಡವಿದೆವು ಅಂತ ನೋಡಲು ಕೆ. ಸುಬ್ರಹ್ಮಣ್ಯಂ ಸಮಿತಿ ಕೂತಿತು. 2002ರಲ್ಲಿ ಸೇನಾ ಗುಪ್ತಚರಕ್ಕೆ ಡಿಐಎ, 2004ರಲ್ಲಿ ತಾಂತ್ರಿಕ ಗುಪ್ತಚರ ಕೆಲಸಕ್ಕೆ ಎನ್‌ಟಿಆರ್‌ಒ ಅನ್ನೋ ಸಂಸ್ಥೆಗಳು ಬಂದವು. ಬೇಕಾದವೇ. ಆದರೆ ಸುಧಾರಣೆ ಅಂದ ಕೂಡಲೇ ನಮಗೆ ಹೊಳೆಯುವುದು ಹೊಸ ಸಂಸ್ಥೆ, ಹೊಸ ಯಂತ್ರ. ಕೂತು ಓದುವವನು ಹೊಳೆಯುವುದಿಲ್ಲ.

ಅವರಿಗೆ ನಾನು ಹೇಳಿದ್ದು ಬುರುಂಡಿಯ ಕಥೆ. 1995ರಲ್ಲಿ, ಅಮೆರಿಕದ ಗುಪ್ತಚರ ವ್ಯವಸ್ಥೆಯನ್ನು ಪರಿಶೀಲಿಸುತ್ತಿದ್ದ ಆಸ್ಪಿನ್-ಬ್ರೌನ್ ಆಯೋಗ ಒಂದು ಪಂದ್ಯ ಇಟ್ಟಿತು. ಆಫ್ರಿಕಾದ ಆ ಪುಟ್ಟ ದೇಶದ ಬಗ್ಗೆ ಮಾಹಿತಿ ತರಲು ಗುಪ್ತಚರ ಸಂಸ್ಥೆಗಳು ಒಂದು ಕಡೆ, ಎಲ್ಲರಿಗೂ ಸಿಗುವ ಬಯಲು ಮಾಹಿತಿಯನ್ನಷ್ಟೇ ನಂಬಿದ ಮಾಜಿ ಸಿಐಎ ನೌಕರ ರಾಬರ್ಟ್ ಸ್ಟೀಲ್ ಇನ್ನೊಂದು ಕಡೆ. ಸ್ಟೀಲ್ ಫೋನ್ ತಿರುಗಿಸಿ ಪತ್ರಕರ್ತರ ಹೆಸರು, ಪ್ರಾಧ್ಯಾಪಕರ ಪಟ್ಟಿ, ಸೋವಿಯತ್ ಕಾಲದ ನಕ್ಷೆ ಎಲ್ಲ ತರಿಸಿದರು. ಕೆಲವು ವಿಷಯಗಳಲ್ಲಿ ಬಯಲು ಮಾಹಿತಿಯೇ ಹೆಚ್ಚು ವಿವರವಾಗಿತ್ತು ಅಂತ ಆಯೋಗ ಬರೆಯಿತು. ಸಮಯ ಜಾಸ್ತಿ ಹಿಡಿಯಿತು, ಪರಿಶೀಲನೆ ಬೇಕಾಯಿತು, ಮುಖ್ಯವಾದ ಹಲವು ಸಂಗತಿ ಸಿಗಲಿಲ್ಲ ಅಂತಲೂ ಬರೆಯಿತು. ಈ ಎರಡನೆಯ ಮಾತನ್ನು ನಮ್ಮಂಥ ಹವ್ಯಾಸಿಗಳು ಸುಮ್ನೆ ನುಂಗಿಬಿಡುತ್ತೇವೆ.

ಬೆಲೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಗುಟ್ಟಿನ ಉಪಗ್ರಹದ ಚಿತ್ರ ಇನ್ನೂ ಚೊಕ್ಕಟವಾಗಿರಬಹುದು, ಆದರೆ ಅದು ಫೈಲಿನಿಂದಾಚೆ ಬರುವುದಿಲ್ಲ. ಎಲ್ಲರಿಗೂ ಸಿಗುವ ಚಿತ್ರವನ್ನು ಸಂಸದರಿಗೂ ತೋರಿಸಬಹುದು, ವಿದೇಶಿ ಪತ್ರಕರ್ತನ ಮುಂದೂ ಇಡಬಹುದು. ಯಾರ ಮುದ್ರೆಯೂ ಬೇಡ.

ಹಾಗಂತ ನೋಡಿದ್ದನ್ನೆಲ್ಲ ಹಂಚುವುದಿಲ್ಲ. ಅದೇ ಚಿತ್ರವನ್ನು ಪಶ್ಚಿಮಕ್ಕೆ ಸರಿಸಿದರೆ ನಮ್ಮ ಕಡೆಯ ರಸ್ತೆ, ಶಿಬಿರಗಳೂ ಬರುತ್ತವೆ. ಆ ಭಾಗವನ್ನು ಕತ್ತರಿಸಿದ ಮೇಲೆಯೇ ಬೇರೆಯವರಿಗೆ ಕಳಿಸುವುದು. ಬೀಜಿಂಗ್‌ನಲ್ಲಿ ಕೂತವನಿಗೂ ಅದೇ ಚಿತ್ರ ಪುಕ್ಕಟೆ ಸಿಗುತ್ತದೆ ಅಂತ ಗೊತ್ತು. ಆದರೂ ಕತ್ತರಿಸುತ್ತೇನೆ.