ಸ್ನೂಕರ್‌ನಲ್ಲಿ ಗುರಿ ಹಿಡಿಯುವ ಕ್ರಮ

ಪೂಲ್ ಟೇಬಲಿನಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಸ್ನೂಕರ್‌ಗೆ ಬರುವವರು ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಅನೇಕರಿದ್ದಾರೆ. ಅಲ್ಲಿ ಸಲೀಸಾಗಿ ಬೀಳುತ್ತಿದ್ದ ಹೊಡೆತ ಇಲ್ಲಿ ಪಾಕೆಟ್ಟಿನ (ಟೇಬಲಿನ ಅಂಚಿನ ಕುಳಿಯ) ಬಾಯಿಗೆ ಬಡಿದು ಹೊರಗೆ ಬಂದಾಗ ಅವರು ತಮ್ಮ ಕೈಯನ್ನು ಶಂಕಿಸುತ್ತಾರೆ. ಬಹಳ ಸಲ ದೋಷ ಇರುವುದು ಗುರಿ ಹಿಡಿಯುವ ಕ್ರಮದಲ್ಲಿ. ಪೂಲ್ ಚೆಂಡಿನ ವ್ಯಾಸ ಸುಮಾರು 57 ಮಿಲಿಮೀಟರ್ ಆದರೆ ಸ್ನೂಕರ್ ಚೆಂಡಿನದು 52.5 ಮಾತ್ರ. ಸ್ನೂಕರ್ ಟೇಬಲ್ ಸುಮಾರು 12 ಅಡಿ ಉದ್ದ, 6 ಅಡಿ ಅಗಲ. ಪಾಕೆಟ್ಟಿನ ಅಂಚುಗಳು ದುಂಡಗೆ ಬಾಗಿರುವುದರಿಂದ ಸ್ವಲ್ಪವೇ ದಾರಿ ತಪ್ಪಿದ ಚೆಂಡನ್ನೂ ಅವು ಹೊರಗೆ ದೂಡಿಬಿಡುತ್ತವೆ.

ಮೊದಲು ತಿದ್ದಿಕೊಳ್ಳಬೇಕಾದ ತಪ್ಪು ಒಂದಿದೆ. ಕೆಂಪು ಚೆಂಡು ಪಾಕೆಟ್ಟಿಗೆ ಹೋಗಬೇಕಾದರೆ ನಾವು ಹೊಡೆಯುವ ಬಿಳಿ ಚೆಂಡು ಅದರ ಯಾವ ಬಿಂದುವಿಗೆ ತಾಗಬೇಕು ಎಂಬುದನ್ನು ಎಲ್ಲರೂ ಬೇಗ ಕಂಡುಕೊಳ್ಳುತ್ತಾರೆ: ಪಾಕೆಟ್ಟಿನ ನಡುವಿನಿಂದ ಕೆಂಪಿನ ಕೇಂದ್ರದ ಮೂಲಕ ಎಳೆದ ಗೆರೆ ಹಿಂಬದಿಯಲ್ಲಿ ಹೊರಬೀಳುವ ಜಾಗವೇ ಅದು. ಆದರೆ ಕ್ಯೂವನ್ನು (ಹೊಡೆಯುವ ಕೋಲನ್ನು) ಆ ಬಿಂದುವಿಗೇ ನೇರವಾಗಿ ತಿರುಗಿಸಿದರೆ ಚೆಂಡು ಬೀಳುವುದಿಲ್ಲ. ಬಿಳಿ ಚೆಂಡಿಗೂ ದಪ್ಪವಿದೆ. ಅದರ ಕೇಂದ್ರ ಆ ಬಿಂದುವನ್ನು ತಲುಪುವ ಮೊದಲೇ ಅದರ ಪಕ್ಕ ಕೆಂಪನ್ನು ಮುಟ್ಟಿರುತ್ತದೆ. ಬಿಳಿ ಸಾಗುವ ದಿಕ್ಕಿನಿಂದ 30 ಡಿಗ್ರಿ ಕೋನದಲ್ಲಿ ಹೋಗಬೇಕಾದ ಕೆಂಪು ಹೀಗೆ ಗುರಿಯಿಟ್ಟಾಗ ಸುಮಾರು 14 ಡಿಗ್ರಿಯಷ್ಟೇ ತಿರುಗುತ್ತದೆ. ಆದ್ದರಿಂದ ಗುರಿ ಇಡಬೇಕಾದದ್ದು ತಾಗುವ ಕ್ಷಣದಲ್ಲಿ ಬಿಳಿ ಚೆಂಡಿನ ಕೇಂದ್ರ ಎಲ್ಲಿರುತ್ತದೋ ಆ ಜಾಗಕ್ಕೆ. ಅದು ಕೆಂಪಿನ ಕೇಂದ್ರದಿಂದ ಪಾಕೆಟ್ಟಿನ ವಿರುದ್ಧ ದಿಕ್ಕಿಗೆ, ಅದೇ ಗೆರೆಯ ಮೇಲೆ, ಸರಿಯಾಗಿ ಒಂದು ಚೆಂಡಿನ ವ್ಯಾಸದಷ್ಟು ಹಿಂದೆ ಇರುತ್ತದೆ.

ಇದನ್ನು ಕಣ್ಣಿಗೆ ರೂಢಿ ಮಾಡಿಸುವ ಒಳ್ಳೆಯ ಉಪಾಯವೆಂದರೆ, ಪಾಕೆಟ್ಟಿನ ಗೆರೆಯ ಮೇಲೆಯೇ ಕೆಂಪಿನ ಹಿಂದೆ ಇನ್ನೊಂದು ಚೆಂಡನ್ನು ಅಂಟಿಸಿದಂತೆ ಇಡುವುದು. ಬಿಳಿ ಚೆಂಡಿನ ಹಿಂದೆ ಬಂದು ಬಗ್ಗಿ, ಆ ಎರಡನೆಯ ಚೆಂಡಿನ ನಡುವನ್ನು ನೋಡಿರಿ. ಅದು ಕೆಂಪು ಚೆಂಡಿನ ಎಷ್ಟು ಭಾಗವನ್ನು ಮರೆಮಾಡುತ್ತಿದೆ ಎಂಬುದನ್ನು ಗಮನಿಸಿ, ಅದನ್ನು ತೆಗೆದು, ಅದಿದ್ದ ಜಾಗಕ್ಕೇ ಹೊಡೆಯಿರಿ. ಕೆಲವು ದಿನ ಹೀಗೆ ಮಾಡಿದರೆ ಇಲ್ಲದ ಚೆಂಡೂ ಕಾಣತೊಡಗುತ್ತದೆ.

ಇಷ್ಟಾದ ಮೇಲೆ ಅಳತೆಯ ಭಾಷೆ ಸುಲಭವಾಗುತ್ತದೆ. ಕೆಂಪಿನ ಹೊರ ಅಂಚಿಗೆ ಗುರಿಯಿಟ್ಟರೆ ಅದು ಅರ್ಧ ಚೆಂಡಿನ ಹೊಡೆತ, ಅಂದರೆ ತಾಗುವಾಗ ಬಿಳಿ ಕೆಂಪಿನ ಅರ್ಧವನ್ನು ಮರೆಮಾಡಿರುತ್ತದೆ; ಕೆಂಪು 30 ಡಿಗ್ರಿ ತಿರುಗುತ್ತದೆ. ಮುಕ್ಕಾಲು ಚೆಂಡಿಗೆ ಸುಮಾರು 14, ಕಾಲು ಚೆಂಡಿಗೆ ಸುಮಾರು 49 ಡಿಗ್ರಿ. ಅಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗುರುತಾದ್ದರಿಂದ ಅರ್ಧ ಚೆಂಡಿನ ಹೊಡೆತವನ್ನೇ ಮೊದಲು ಗಟ್ಟಿ ಮಾಡಿಕೊಂಡು, ಮಿಕ್ಕವನ್ನು ಅದಕ್ಕಿಂತ ದಪ್ಪ ಅಥವಾ ತೆಳು ಎಂದು ಅಳೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಗುರಿ ತೀರ್ಮಾನವಾಗಬೇಕಾದದ್ದು ನಿಂತಿರುವಾಗ, ಬಗ್ಗಿದ ಮೇಲಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಬಿಳಿ ಮತ್ತು ಕೆಂಪಿನ ನಡುವೆ ಒಂದೂವರೆ ಮೀಟರ್ ಅಂತರವಿದ್ದಾಗ ಕ್ಯೂವಿನ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಬಿಳಿ ಚೆಂಡು ಸುಮಾರು 26 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ, ಅಂದರೆ ಪೂರ್ಣ ಚೆಂಡಿನ ನೇರ ಹೊಡೆತ ಅರ್ಧ ಚೆಂಡಿನದಾಗುತ್ತದೆ. ಉದ್ದನೆಯ ದೋಟಿಯಿಂದ ಅಡಿಕೆ ಕೊಯ್ಯುವವರಿಗೆ, ಬುಡದಲ್ಲಿ ಕೈ ಕೊಂಚ ಅಲುಗಿದರೆ ತುದಿ ಎಷ್ಟು ದೂರ ಸರಿಯುತ್ತದೆಂಬುದು ಗೊತ್ತೇ ಇದೆ. ಹಾಗಾಗಿ ಮೊದಲು ಕೆಂಪಿನ ಹಿಂದೆ ನಿಂತು ಪಾಕೆಟ್ಟಿನ ಗೆರೆಯನ್ನು ನೋಡಿ, ಬಳಿಕ ಬಿಳಿ ಚೆಂಡಿನಿಂದ ಎರಡು ಹೆಜ್ಜೆ ಹಿಂದೆ ಬಂದು ಹೊಡೆತದ ಗೆರೆಗೆ ಎದುರಾಗಿ ನಿಲ್ಲಿರಿ. ಬಲಗೈಯವರು ಬಲಪಾದವನ್ನು ಆ ಗೆರೆಯ ಮೇಲೆಯೇ ಊರಿ, ಎಡಪಾದವನ್ನು ಮುಂದಕ್ಕೆ ಸ್ವಲ್ಪ ಪಕ್ಕದಲ್ಲಿ ಇಟ್ಟು, ಮುಖ ಗೆರೆಯನ್ನು ಬಿಡದಂತೆ ನೇರವಾಗಿ ಕೆಳಗಿಳಿಯಬೇಕು. ಬಗ್ಗಿದ ಮೇಲೆ ಗುರಿ ತಪ್ಪಿದೆ ಅನಿಸಿದರೆ ಮಣಿಕಟ್ಟನ್ನು ಹೊರಳಿಸಿ ತಿದ್ದಬಾರದು. ಎದ್ದು ನಿಂತು ಮೊದಲಿನಿಂದ ಬರಬೇಕು. ಗಂಟೆಯ ಲೆಕ್ಕದಲ್ಲಿ ಹಣ ಕೊಡುವಾಗ ಇದು ಕಾಲಹರಣ ಅನಿಸಬಹುದು, ಆದರೆ ಆ ಹಣಕ್ಕೆ ಬೆಲೆ ಬರುವುದೂ ಇದರಿಂದಲೇ.

ಕೆಳಗಿಳಿದಾಗ ಗದ್ದ ಕ್ಯೂವಿಗೆ ತಾಗುವಂತಿರಲಿ. ಒಂದು ಕಣ್ಣು ಪ್ರಬಲವಾಗಿರುವವರಿಗೆ ಕ್ಯೂ ಆ ಕಣ್ಣಿನ ಕಡೆಗೆ ತುಸು ಸರಿದಿದ್ದರೆ ತಪ್ಪಿಲ್ಲ. ಎರಡು ಮೂರು ಸಲ ಮೆಲ್ಲನೆ ಹಿಂದೆ ಮುಂದೆ ಆಡಿಸುವಾಗ ನೋಟ ಬಿಳಿ ಮತ್ತು ಕೆಂಪಿನ ನಡುವೆ ಓಡಾಡಲಿ. ಕೊನೆಯ ಬಾರಿ ಕ್ಯೂವನ್ನು ಹಿಂದಕ್ಕೆಳೆದು ಒಂದು ಕ್ಷಣ ತಡೆದಾಗ ನೋಟ ಕೆಂಪಿನ ಮೇಲೆ ನೆಲೆಸಿ, ಹೊಡೆತ ಮುಗಿಯುವ ತನಕ ಅಲ್ಲಿಯೇ ಇರಲಿ.

ಗುರಿ ಸರಿಯಿದ್ದೂ ಚೆಂಡು ಬೀಳದಿದ್ದರೆ ಕ್ಯೂ ನೇರವಾಗಿ ಹೋಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಬಿಳಿ ಚೆಂಡನ್ನು ಟೇಬಲಿನಲ್ಲಿ ಕಂದು ಚೆಂಡನ್ನು ಇಡುವ ಗುರುತಿನ ಮೇಲಿಟ್ಟು, ಬೇರೆ ಚೆಂಡುಗಳನ್ನೆಲ್ಲ ತೆಗೆದು, ನೀಲಿ, ಗುಲಾಬಿ, ಕಪ್ಪು ಗುರುತುಗಳ ಮೇಲೆ ಹಾಯಿಸಿ ಎದುರಿನ ಕುಶನ್‌ಗೆ (ಟೇಬಲಿನ ಅಂಚಿನ ರಬ್ಬರ್ ಪಟ್ಟಿಗೆ) ಹೊಡೆಯಿರಿ. ಹೋಗುವಾಗಲೇ ಗುರುತು ತಪ್ಪಿದರೆ ದಿಕ್ಕಿನ ದೋಷ. ನೇರವಾಗಿ ಹೋಗಿ ಬಲಕ್ಕೆ ಮರಳಿದರೆ ಕ್ಯೂ ತುದಿ ಬಿಳಿಯ ನಡುವಿನಿಂದ ಬಲಕ್ಕೆ ತಾಗಿದೆ ಎಂದರ್ಥ, ಎಡಕ್ಕೆ ಮರಳಿದರೆ ಎಡಕ್ಕೆ. ಇದು ಸರಿಯಾಗುವ ತನಕ ಬೇಕೆಂದೇ ಬಿಳಿಯ ಒಂದು ಬದಿಗೆ ಹೊಡೆದು ಪಕ್ಕದ ತಿರುಗು ಕೊಡುವ ಗೊಡವೆಗೆ ಹೋಗದಿರುವುದು ಮೇಲು, ಏಕೆಂದರೆ ಬಲಬದಿಗೆ ಹೊಡೆದಾಗ ಬಿಳಿ ಚೆಂಡು ಆರಂಭದಲ್ಲೇ ಗೆರೆಯಿಂದ ಕೊಂಚ ಎಡಕ್ಕೆ ಸರಿಯುತ್ತದೆ. ಗುರಿಯ ಲೆಕ್ಕವೆಲ್ಲ ಆಗ ಬದಲಾಗುತ್ತದೆ.

ಎರಡು ಚೆಂಡುಗಳು ತಾಗುವಾಗ ಅವುಗಳ ನಡುವಿನ ಘರ್ಷಣೆ ಕೆಂಪನ್ನು ಬಿಳಿ ಸಾಗುತ್ತಿದ್ದ ದಿಕ್ಕಿಗೆ ತುಸು ಎಳೆಯುತ್ತದೆ. ಮೆಲ್ಲನೆಯ ಹೊಡೆತದಲ್ಲಿ ಈ ಎಳೆತ ಹೆಚ್ಚು, ಚೆಂಡು ಕೊಳೆಯಾಗಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಮೆಲ್ಲನೆ ಆಡುವ ಕೋನದ ಹೊಡೆತಗಳಿಗೆ ಲೆಕ್ಕಕ್ಕಿಂತ ಕೂದಲೆಳೆಯಷ್ಟು ತೆಳುವಾಗಿ ಗುರಿಯಿಟ್ಟು, ಆಟಕ್ಕೆ ಮೊದಲು ಚೆಂಡುಗಳನ್ನು ಒಣ ಬಟ್ಟೆಯಿಂದ ಒರೆಸಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ ಮಳೆಗೆ ಟೇಬಲಿನ ಬಟ್ಟೆ ತೇವ ಹೀರಿ ಚೆಂಡಿನ ಓಟ ನಿಧಾನವಾದಾಗ ಬಲ ಹೆಚ್ಚಿಸಲೇಬೇಕಾಗುತ್ತದೆ. ಆಗ ಕ್ಯೂವನ್ನು ಇನ್ನೂ ಸ್ವಲ್ಪ ಹಿಂದಕ್ಕೆಳೆದು ಅದೇ ಸಮಾಧಾನದಿಂದ ಮುಂದೂಡಬೇಕು, ತೋಳನ್ನು ಬಿಗಿಹಿಡಿದು ಬೀಸಿದರೆ ಹಿಡಿದ ಗೆರೆ ಉಳಿಯುವುದಿಲ್ಲ.